ತುಕ್ಕು ಹಿಡಿಯದ ಬ್ರೇಕು

ಕೊಳ್ಳೇಗಾಲದಲ್ಲಿ ಕಾರು ಇಟ್ಟಿರುವವರು ಬೇಕಾದಷ್ಟು ಜನ ಇದ್ದಾರೆ. ಟ್ರ್ಯಾಕ್ಟರ್ ಇರುವವರನ್ನು ಎಣಿಸಿ ಮುಗಿಸಲಾಗುವುದಿಲ್ಲ. ಆದರೆ ದೋಣಿ ಹೊರುವ ಟ್ರೈಲರ್, ಅದರಲ್ಲೂ ಸ್ಟೇನ್‌ಲೆಸ್ ಸ್ಟೀಲಿನ ಡಿಸ್ಕ್ ಬ್ರೇಕ್ ಇರುವ ಟ್ರೈಲರ್ ನಿಂತಿರುವುದು ನಮ್ಮ ಮನೆಯ ಮುಂದೆ ಮಾತ್ರ. (ಹನೂರು, ಯಳಂದೂರು ಸೇರಿಸಿಕೊಂಡರೂ ಈ ಮಾತು ಬದಲಾಗುವುದಿಲ್ಲ. ವಿಚಾರಿಸಿದ್ದೇನೆ.) ಇಷ್ಟಿದ್ದರೂ ನನ್ನ ಹೆಂಡತಿ ಶಿವರತ್ನಮ್ಮ ಬಂದ ನೆಂಟರಿಗೆಲ್ಲ ಕರೆದು ತೋರಿಸುವುದು ಅದರ ಪಕ್ಕದಲ್ಲಿರುವ ಕರಿಬೇವಿನ ಗಿಡವನ್ನು. ನನ್ನ ದೂರು ಶುರುವಾಗುವುದೇ ಇಲ್ಲಿಂದ.

ನಾನು ಶಾಂತಮೂರ್ತಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಿವೃತ್ತಿಯ ಮಾರನೆಯ ದಿನದಿಂದ ಮನೆಯಲ್ಲಿ ನನಗೆ ಪಾಠ ಶುರುವಾಯಿತು. ಪಾಠ ಮಾಡುವವಳು ನಂದಾದೀಪ ಮಹಿಳಾ ಸಂಘದ ಅಧ್ಯಕ್ಷೆಯೂ ಹೌದು. ಸಂಘದಲ್ಲಿ ಹನ್ನೆರಡು ಹೆಂಗಸರು, ಒಂದು ಫೈಬರ್ ದೋಣಿ. ಕೆರೆಗಳಲ್ಲಿ ಹಬ್ಬಿರುವ ಅಂತರಗಂಗೆ ಕಳೆಯನ್ನು ಕಿತ್ತು, ದೋಣಿಯಲ್ಲಿ ದಡಕ್ಕೆ ತಂದು, ಕೊಳೆಸಿ ಗೊಬ್ಬರ ಮಾಡಿ ಅರಿಶಿನದ ಹೊಲಗಳಿಗೆ ಕೊಡುವುದು ಇವರ ಕೆಲಸ. (ದೋಣಿ ಎಂದ ಕೂಡಲೇ ‘ಮೀನೇ?’ ಎಂದು ಮೂಗು ಮುಚ್ಚಿಕೊಂಡ ನನ್ನ ಷಡ್ಡಕನಿಗೆ ಇದನ್ನು ನಾಲ್ಕು ಸಲ ಹೇಳಿದ್ದೇನೆ.) ದೋಣಿ ಕೆರೆಯಿಂದ ಕೆರೆಗೆ ಹೋಗಲು ಎರಡು ಗಾಲಿಯ ಟ್ರೈಲರ್, ಅದನ್ನು ಎಳೆಯಲು ನನ್ನ ಹಳೆಯ ಜೀಪು, ಜೀಪು ಓಡಿಸಲು ನಾನು. ಬರೀ ಡ್ರೈವರ್ ಎನ್ನಿಸಿಕೊಳ್ಳಲು ಮನಸ್ಸು ಒಪ್ಪದೆ, ಹಟ ಹಿಡಿದು ಸಂಘದ ಪುಸ್ತಕದಲ್ಲಿ ‘ತಾಂತ್ರಿಕ ಸಲಹೆಗಾರರು’ ಎಂದು ಬರೆಸಿಕೊಂಡಿದ್ದೆ. ಆ ಹನ್ನೆರಡು ಜನರ ನಡುವೆ ನನಗಿದ್ದ ಮರ್ಯಾದೆಯೆಲ್ಲ ಆ ಎರಡು ಪದಗಳಲ್ಲೇ ಇತ್ತು.

ಆ ಪದವಿಗೆ ಕುತ್ತು ಬಂದದ್ದು ಲೊಕ್ಕನಹಳ್ಳಿಯ ಹತ್ತಿರದ ಒಂದು ಇಳಿಜಾರಿನಲ್ಲಿ. ದೋಣಿ ಇಳಿಸುವಾಗಲೆಲ್ಲ ಟ್ರೈಲರಿನ ಗಾಲಿ ನೀರಿನಲ್ಲಿ ಮುಳುಗುತ್ತದೆ. ಹಳೆಯ ಬ್ರೇಕಿನ ಡ್ರಮ್ಮಿನೊಳಗೆ ನೀರು, ಕೆಸರು ಸೇರಿ, ತುಕ್ಕು ಹಿಡಿದು, ತಾನು ಬ್ರೇಕು ಎಂಬುದೇ ಅದಕ್ಕೆ ಮರೆತುಹೋಗಿತ್ತು. ಇಳಿಜಾರಿನಲ್ಲಿ ನಾನು ಜೀಪನ್ನು ನಿಲ್ಲಿಸಲು ನೋಡಿದರೆ ಹಿಂದಿದ್ದ ಟ್ರೈಲರ್ ನಮ್ಮನ್ನು ನೂಕಿಕೊಂಡೇ ಹೊರಟಿತು. ಜೀಪು, ನಾನು, ಶಿವರತ್ನಮ್ಮ, ದೋಣಿ ಎಲ್ಲರೂ ರಸ್ತೆ ಬಿಟ್ಟು ಒಂದು ಹುಲ್ಲಿನ ಮೆದೆಯೊಳಗೆ ಹೊಕ್ಕು ನಿಂತೆವು. ಯಾರಿಗೂ ಪೆಟ್ಟಾಗಲಿಲ್ಲ. ಮೆದೆಯ ಯಜಮಾನ ಚಿಕ್ಕಸಿದ್ದಯ್ಯ ಓಡಿಬಂದವನು ದೋಣಿಯ ಸುತ್ತ ಒಂದು ಸುತ್ತು ಬಂದ.

“ಆನೆ ಬತ್ತದೆ ಅಂತ ಬೇಲಿ ಕಟ್ಟಿದ್ದೆ ಸಾ. ದೋಣಿ ಬತ್ತದೆ ಅಂತ ನಂಗೇನ್ ಗೊತ್ತು?” ಎಂದ.

ಹನೂರು ತಲುಪುವವರೆಗೆ ಶಿವರತ್ನಮ್ಮ ತಲೆಯಿಂದ ಹುಲ್ಲು ತೆಗೆಯುತ್ತಿದ್ದಳು. ಆಮೇಲೆ ಮಾತಾಡಿದಳು.

“ಮುಂದಿನ್ ತಿಂಗ್ಳು ಯಳಂದೂರ್ ಕಡೆ ಕೆರೇಲಿ ಪಂಚಾಯ್ತಿಯವ್ರು ನಮ್ ಕೆಲ್ಸ ನೋಡಾಕ್ ಬತ್ತವ್ರೆ. ಒಪ್ಪುದ್ರೆ ಮೂರ್ ಕೆರೆ ಕೆಲ್ಸ ಸಿಕ್ತದೆ. ಹನ್ನೆರಡ್ ಮನೆ ಅದುನ್ನೇ ನಂಬ್ಕಂಡವೆ. ಅವತ್ತು ಈ ಗಾಡಿ ಏನಾರ ಎಡವಟ್ ಮಾಡುದ್ರೆ, ನಿಮ್ ಸಲಹೇನೂ ಸಾಕು, ನೀವೂ ಸಾಕು. ಪುಸ್ತಕ್ದಲ್ಲಿ ನಿಮ್ ಹೆಸರು ಹೊಡ್ದಾಕ್ಬುಟ್ಟು ಬೇರೆ ಡ್ರೈವರ್ನ ನೋಡ್ಕತೀನಿ.”

“ಮನೆಯಿಂದಲೂ ತೆಗೀತೀಯೇನೇ?”

“ಅದು ಆಮೇಲ್ ನೋಡವ.”

ನನ್ನ ಸ್ವಾಭಿಮಾನ ಭುಗಿಲೆದ್ದಿತು. ಮನೆಗೆ ಬಂದವನೇ ಕನ್ನಡಕ ಏರಿಸಿ ಕೂತೆ. ಮೂರು ದಿನ ಫೋನಿನಲ್ಲಿ ಓದಿದ್ದೇ ಓದಿದ್ದು. ಸಮುದ್ರದ ಕಡೆಯ ಜನ ತಮ್ಮ ದೋಣಿ ಟ್ರೈಲರುಗಳಿಗೆ ತುಕ್ಕು ಹಿಡಿಯದ ಡಿಸ್ಕ್ ಬ್ರೇಕು ಹಾಕಿಸುತ್ತಾರೆ ಎಂದು ತಿಳಿಯಿತು. ಉಪ್ಪುನೀರಿಗೇ ಜಗ್ಗದ ಬ್ರೇಕು ನಮ್ಮ ಕೆರೆಯ ಸಿಹಿನೀರಿಗೆ ಹೆದರುತ್ತದೆಯೇ? ತರಿಸಿಯೇಬಿಟ್ಟೆ. ಥಳಥಳಿಸುವ ಎರಡು ಉಕ್ಕಿನ ತಟ್ಟೆಗಳು, ಅವನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಎರಡು ಇಕ್ಕಳ, ಎಣ್ಣೆ ಹರಿಯಲು ಪೈಪು.

ಆದರೂ ವಿಜ್ಞಾನದ ಮೇಷ್ಟ್ರು ನಾನು, ಪ್ರಯೋಗ ಮಾಡದೆ ಏನನ್ನೂ ನಂಬುವವನಲ್ಲ. ಮನೆಯಲ್ಲಿ ಸಮುದ್ರಕ್ಕೆ ತೀರ ಹತ್ತಿರದ ವಸ್ತು ಯಾವುದು ಎಂದು ಹುಡುಕಿದೆ. ಶಿವರತ್ನಮ್ಮ ಉಪ್ಪಿನಕಾಯಿಗೆಂದು ಮಾವಿನಕಾಯಿಗೆ ಉಪ್ಪು ಹಾಕಿಟ್ಟಿದ್ದ ನೀಲಿ ಡ್ರಮ್ಮು ಕಣ್ಣಿಗೆ ಬಿತ್ತು. ಉಪ್ಪೂ ಉಂಟು, ಹುಳಿಯೂ ಉಂಟು. ಒಂದು ತಟ್ಟೆಯನ್ನು ಚೆನ್ನಾಗಿ ತೊಳೆದು (ಇದನ್ನು ದಯವಿಟ್ಟು ಗಮನಿಸಬೇಕು, ಚೆನ್ನಾಗಿಯೇ ತೊಳೆದಿದ್ದೆ) ಅದರ ತಳಕ್ಕೆ ಇಳಿಬಿಟ್ಟೆ.

ಎಂಟನೆಯ ದಿನ ಅಡುಗೆಮನೆಯಿಂದ ಕೂಗು ಬಂತು. “ಏನ್ರೀ! ಬನ್ನಿ ಇಲ್ಲಿ. ಇದ್ಯಾವ್ ತಳಿ ಮಾವಿನ್ಕಾಯಿ?”

ಅವಳ ಸೌಟಿನ ತುದಿಯಲ್ಲಿ ನನ್ನ ಡಿಸ್ಕು ತೂಗಾಡುತ್ತಿತ್ತು. ಮುಖ ಕಾಣುವಷ್ಟು ಫಳಫಳ. ಒಂದು ಚುಕ್ಕೆ ತುಕ್ಕಿಲ್ಲ!

“ನೋಡ್ದೇನೇ ರತ್ನಾ? ಎಂಟು ದಿನ! ಒಂದೇ ಒಂದು ಕಲೆ ಇಲ್ಲ!” ಎಂದು ಕುಣಿದೇಬಿಟ್ಟೆ.

“ಡ್ರಮ್ಮಷ್ಟು ಕಾಯಿ ಕಣ್ರಿ. ಈಗ ಇದುನ್ನ ತಿನ್ನೋರ್ಯಾರು?”

ತಿನ್ನುವವನು ನಾನೇ ಎಂದು ತೀರ್ಪಾಯಿತು. ಈಗಲೂ ತಿನ್ನುತ್ತಿದ್ದೇನೆ. ರುಚಿಯಲ್ಲಿ ಯಾವ ದೋಷವೂ ಇಲ್ಲ.

ರಾಮಾಪುರದ ಕಡೆಯ ಮಾದೇಶ್ ಎಂಬ ಮೆಕ್ಯಾನಿಕ್ ನಮ್ಮೂರ ಬಯಲಿನಲ್ಲಿ ಶೆಡ್ಡು ಹಾಕಿಕೊಂಡಿದ್ದಾನೆ. ಅವನು ಎರಡು ದಿನದಲ್ಲಿ ಎಲ್ಲವನ್ನೂ ಜೋಡಿಸಿದ. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಸಲಹೆ ಕೊಟ್ಟೆ. ಮೂರು ಬೆರಳು ವಿಭೂತಿ ಎಳೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಟ್ರೈಲರನ್ನು ಮನೆಗೆ ತಂದೆ. ಅಲ್ಲಿಂದ ಮುಂದಿನ ಒಂದು ವಾರ ನಮ್ಮ ಬೀದಿಯಲ್ಲಿ ನಡೆದು ಹೋದ ಯಾರಿಗೂ ನನ್ನಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಹಾಲು ತರುವ ರಾಣಿಯನ್ನೂ ಹಿಡಿದು ನಿಲ್ಲಿಸಿದೆ.

“ನೋಡಮ್ಮ, ಇದಕ್ಕೆ ವೈರಿಲ್ಲ, ಬ್ಯಾಟರಿ ಇಲ್ಲ. ಜೀಪು ನಿಧಾನವಾದರೆ ಟ್ರೈಲರ್ ತನ್ನ ಓಟದಲ್ಲೇ ಮುಂದಕ್ಕೆ ನುಗ್ಗುತ್ತೆ. ಆಗ ಜೀಪಿಗೆ ಸಿಕ್ಕಿಸಿರುವ ಅದರ ಮೂತಿ ಒಳಕ್ಕೆ ಜಾರಿ ಎಣ್ಣೆಯನ್ನು ಒತ್ತುತ್ತೆ. ಎಣ್ಣೆ ಹೋಗಿ ಗಾಲಿಯನ್ನು ಗಬಕ್ಕನೆ ಹಿಡಿಸುತ್ತೆ. ಅಂದರೆ ನೂಕುವ ಬಲವೇ ನಿಲ್ಲಿಸುವ ಬಲ! ಇದಕ್ಕೆ ಜಡತ್ವ ಅಂತಾರೆ.”

“ನೂಕುದ್ರೆ ನಿಂತ್ಕತದಾ?” ಎಂದಳು ರಾಣಿ. “ನಮ್ಮನೆ ಎಮ್ಮೇನೂ ಅಂಗೇ ಸಾ.”

ಅದೇ ಲೊಕ್ಕನಹಳ್ಳಿ ಇಳಿಜಾರಿಗೆ ಶಿವರತ್ನಮ್ಮನನ್ನು ಕೂರಿಸಿಕೊಂಡು ಹೋದೆ. ಚಿಕ್ಕಸಿದ್ದಯ್ಯ ದೂರದಿಂದಲೇ ನಮ್ಮನ್ನು ಗುರುತಿಸಿ ತನ್ನ ಹಸುವನ್ನು ಬಿಚ್ಚಿಕೊಂಡು ಆಚೆ ಹೋದ. ನಾನು ಇಳಿಜಾರಿನ ನಡುವೆ ಬ್ರೇಕ್ ತುಳಿದೆ. ಟ್ರೈಲರ್ ಒಂದು ಸಲ ತಲೆಯಾಡಿಸಿ ಜೀಪಿನ ಹಿಂದೆ ಗಪ್‌ಚಿಪ್ಪಾಗಿ ನಿಂತಿತು. ಮತ್ತೆ ತುಳಿದೆ, ಮತ್ತೆ ನಿಂತಿತು. ಏಳು ಸಲ ನಿಲ್ಲಿಸಿ ತೋರಿಸಿದೆ.

“ಪರ್ವಾಗಿಲ್ಲ ಕಣ್ರಿ,” ಎಂದಳು ಶಿವರತ್ನಮ್ಮ.

ಮದುವೆಯಾಗಿ ಮೂವತ್ತಮೂರು ವರ್ಷ. ಈ ಮಾತು ಅವಳ ಬಾಯಿಂದ ಬಂದದ್ದು ಇದು ಮೂರನೆಯ ಸಲ. ಮೊದಲೆರಡೂ ಅವಳ ತಮ್ಮನ ಬಗ್ಗೆ ಹೇಳಿದ್ದು. ನನಗೆ ಕಣ್ಣು ತುಂಬಿ ಬಂತು, ಧೂಳು ಬಿತ್ತು ಎಂದು ಒರೆಸಿಕೊಂಡೆ.

ಪರೀಕ್ಷೆಯ ದಿನ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಯಳಂದೂರಿನ ದಾರಿಯುದ್ದಕ್ಕೂ ಕಾರಣವಿಲ್ಲದೆ ಬ್ರೇಕ್ ಹಾಕುತ್ತಾ ಕೆರೆ ತಲುಪಿದೆ. ಸಂಘದ ಹೆಂಗಸರು ಮುಂಚೆಯೇ ಬಂದು ಸೆರಗು ಸಿಕ್ಕಿಸಿ ನಿಂತಿದ್ದರು. ಪಂಚಾಯ್ತಿ ಅಧ್ಯಕ್ಷರಾದ ಗುರುಸಿದ್ದಯ್ಯನವರು ಬೆಳ್ಳಗಿನ ಪಂಚೆಯಲ್ಲಿ ಕಾಯುತ್ತಿದ್ದರು. ಅವರಿಗೂ ಡಿಸ್ಕು ತೋರಿಸಿದೆ, ಜಡತ್ವ ವಿವರಿಸಿದೆ, ಮಾವಿನಕಾಯಿಯ ಪ್ರಯೋಗವನ್ನೂ ಹೇಳಿದೆ. ಅವರು ತಲೆದೂಗಿದರು.

“ಸರಿ ಮೇಷ್ಟ್ರೇ, ದೋಣಿ ಇಳುಸಿ ನೋಡವ,” ಎಂದರು.

ದೋಣಿ ಇಳಿಸಬೇಕಾದರೆ ಟ್ರೈಲರಿನ ಬಾಲ ಮೊದಲು ನೀರಿಗೆ ಹೋಗಬೇಕು. ಜೀಪನ್ನು ತಿರುಗಿಸಿ ರಿವರ್ಸ್ ಹಾಕಿದೆ. ಅಲ್ಲಾಡಲಿಲ್ಲ. ಇನ್ನಷ್ಟು ಒತ್ತಿದೆ. ಜೀಪು ಗೊರಗೊರ ಎಂದಿತು, ಗಾಲಿ ನಿಂತಲ್ಲೇ ಗಿರಗಿರ ತಿರುಗಿತು, ಜೀಪಿನ ಮುಂದೆ ನಿಂತಿದ್ದ ಅಧ್ಯಕ್ಷರ ಪಂಚೆಗೆ ಮೊಣಕಾಲಿನವರೆಗೂ ಕೆಸರು ಚಿಮ್ಮಿತು. ಟ್ರೈಲರ್ ಮಾತ್ರ ಒಂದು ಅಂಗುಲ ಹಿಂದೆ ಸರಿಯಲಿಲ್ಲ.

“ಮೇಷ್ಟ್ರೇ, ಗಾಡಿ ಮುನಿಸ್ಕತ್ತಾ?” ಎಂದು ಕೂಗಿದಳು ದೊಡ್ಡಬಸಮ್ಮ. ಸಂಘದಲ್ಲಿ ಹಿರಿಯಳು, ಬಾಯಿಯಲ್ಲಂತೂ ಎಲ್ಲರಿಗಿಂತ ಹಿರಿಯಳು.

“ತಾಂತ್ರಿಕ ತಪಾಸಣೆ ಮಾಡ್ತಿದ್ದೀನಿ!” ಎಂದು ಗಂಭೀರವಾಗಿ ಹೇಳಿ, ಬಿಳಿ ಅಂಗಿಯಲ್ಲೇ ಟ್ರೈಲರಿನ ಕೆಳಗೆ ನುಸುಳಿದೆ.

ಅಂಗಾತ ಮಲಗಿ ನೋಡಿದರೆ ಎರಡೂ ಇಕ್ಕಳಗಳು ತಟ್ಟೆಯನ್ನು ಬಿಗಿಯಾಗಿ ಕಚ್ಚಿಕೊಂಡಿವೆ. ಎಂಥ ಹಿಡಿತ! ಒಂದು ಕ್ಷಣ ಹೆಮ್ಮೆಯೇ ಆಯಿತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಹಿಂದಕ್ಕೆ ಹೋಗಬೇಕಾದರೆ ಜೀಪು ಟ್ರೈಲರನ್ನು ನೂಕಬೇಕು. ನೂಕಿದರೆ ಮೂತಿ ಒಳಕ್ಕೆ ಜಾರುತ್ತದೆ. ಜಾರಿದರೆ ಬ್ರೇಕು ಹಿಡಿಯುತ್ತದೆ. ಹಳೆಯ ಬ್ರೇಕು ಯಾವ ದಿಕ್ಕಿಗೂ ಹಿಡಿಯುತ್ತಿರಲಿಲ್ಲವಾದ್ದರಿಂದ ಈ ತೊಂದರೆ ಬಂದಿರಲಿಲ್ಲ. ಹೊಸದನ್ನು ಹಾಕಿದ ಮೇಲೆ ಒಮ್ಮೆಯೂ ಹಿಂದಕ್ಕೆ ಬಿಟ್ಟು ನೋಡಿರಲಿಲ್ಲ, ಮಾದೇಶನ ಬಯಲಿನಲ್ಲಿ ಸುತ್ತು ಹೊಡೆದೇ ಗಾಡಿ ತಿರುಗಿಸಿಕೊಂಡು ಬಂದಿದ್ದೆ. ನೂಕುವ ಬಲವೇ ನಿಲ್ಲಿಸುವ ಬಲ ಎಂದು ಊರಿಗೆಲ್ಲ ಪಾಠ ಹೇಳಿದವನಿಗೆ ಇಷ್ಟು ಹೊಳೆದಿರಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ಈ ತಪ್ಪು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಈಗ ನಾನು ಮಲಗಿದ್ದಲ್ಲಿಂದ ಏಳುವ ಧೈರ್ಯ ಸಾಲದೆ ಅಲ್ಲೇ ಇದ್ದೆ.

ಶಿವರತ್ನಮ್ಮ ಬಗ್ಗಿ ನೋಡಿದಳು. “ಏನ್ರೀ, ಅಲ್ಲೇ ಮನೀಕಂಡ್ರಾ?”

ಅವಳ ಕಿವಿಗೆ ಮಾತ್ರ ಕೇಳುವಂತೆ ಎಲ್ಲವನ್ನೂ ಒಪ್ಪಿಸಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಟ್ರೈಲರಿನ ಮೂತಿಯನ್ನು ಕೈಯಿಂದ ತಟ್ಟಿ ನೋಡಿದಳು.

“ಅಂದ್ರೆ ಇದುನ್ನ ಒತ್ತುದ್ರೆ ತಾನೇ ಇಡ್ಕಳದು? ಒತ್ತದೇ ಬ್ಯಾಡ. ಜೀಪ್ ಬಿಚ್ಚಿ ಅತ್ಲಾಗಿ. ಬಾಲಕ್ಕೆ ಅಗ್ಗ ಕಟ್ಟಿ ಇಂದ್ಗಡೆಯಿಂದ ಎಳೀತೀವಿ. ಬನ್ರವ್ವಾ!”

ಜೀಪು ಬಿಚ್ಚಿ, ಮೂತಿಯ ಕೆಳಗಿನ ಆಸರೆಯ ಪುಟ್ಟ ಗಾಲಿಯನ್ನು ನೆಲಕ್ಕೆ ಇಳಿಸಿದೆ. ಹೆಂಗಸರು ಹಗ್ಗ ಹಿಡಿದು ಎಳೆದರು. ಟ್ರೈಲರ್ ಸಲೀಸಾಗಿ ಹೊರಟಿತು! ಗಂಡಸು ನಾನು ಕೈಕಟ್ಟಿ ನಿಲ್ಲುವುದು ಹೇಗೆ? ಓಡಿಹೋಗಿ ಮೂತಿಯ ಮೇಲೆ ಕೈಯಿಟ್ಟು ಶಕ್ತಿಮೀರಿ ನೂಕಿದೆ. ಗಾಡಿ ಗಕ್ಕನೆ ನಿಂತಿತು.

“ಯಾರವ್ವ ಅದು ಇಡ್ಕಂಡೋರು?” ಎಂದಳು ದೊಡ್ಡಬಸಮ್ಮ.

ಕೈ ತೆಗೆದೆ, ಹೊರಟಿತು. ಮನಸ್ಸು ತಡೆಯದೆ ಮತ್ತೆ ನೂಕಿದೆ, ಮತ್ತೆ ನಿಂತಿತು.

“ನೀವ್ ಸಹಾಯ ಮಾಡದ್ ನಿಲ್ಸುದ್ರೆ ಸಾಕು ಕಣ್ರಿ, ಕೆಲ್ಸ ಆಯ್ತದೆ!” ಎಂದು ಶಿವರತ್ನಮ್ಮ ಗದರಿದಳು. ಹೆಂಗಸರೆಲ್ಲ ನಕ್ಕರು. ಅಧ್ಯಕ್ಷರು ಕೆಸರಿನ ಪಂಚೆ ಹಿಡಿದುಕೊಂಡೇ ನಕ್ಕರು. ನನ್ನ ಪದವಿ ಹೋಯಿತು ಎಂದು ನಾನು ದೂರ ಸರಿದು ನಿಂತೆ.

ಅಷ್ಟರಲ್ಲಿ ಟ್ರೈಲರ್ ಕಲ್ಲು ಹಾಸಿದ ಇಳಿಜಾರಿಗೆ ಬಂತು. ಈಗ ಎಳೆಯುವ ಅಗತ್ಯವೇ ಇಲ್ಲದೆ ತಾನೇ ಓಡತೊಡಗಿತು. ಹಗ್ಗ ಹಿಡಿದವರು ಹೋ ಎಂದು ಎರಡು ಬದಿಗೂ ಹಾರಿದರು. ಮೊಣಕಾಲುದ್ದ ನೀರಿನಲ್ಲಿದ್ದ ದೊಡ್ಡಬಸಮ್ಮನ ಕಾಲು ಮಾತ್ರ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ದೋಣಿ ಸಮೇತ ಟ್ರೈಲರ್ ನೇರ ಅವಳ ಮೇಲೆಯೇ ಹೊರಟಿತ್ತು.

“ಏನ್ರೀ! ನೂಕ್ರೀ!” ಎಂದು ಕಿರುಚಿದಳು ಶಿವರತ್ನಮ್ಮ.

ಮುದುಕಿಯ ಮೇಲೆ ಹೋಗುತ್ತಿರುವ ಗಾಡಿಯನ್ನು ಇನ್ನೂ ನೂಕಬೇಕೇ? ಬೇರೆ ಯಾವ ಗಂಡನಾದರೂ ಒಂದು ಕ್ಷಣ ಯೋಚಿಸುತ್ತಿದ್ದ. ನಾನು ಮೂವತ್ತಮೂರು ವರ್ಷ ಪಳಗಿದವನು. ಯೋಚಿಸದೆ ಓಡಿಹೋಗಿ ಮೂತಿಗೆ ಭುಜ ಕೊಟ್ಟು ನೂಕಿದೆ. ಡಿಸ್ಕುಗಳು ಕಿರ್ರೆಂದು ಕಚ್ಚಿದವು. ದೊಡ್ಡಬಸಮ್ಮನಿಂದ ಒಂದು ಮೊಳ ದೂರದಲ್ಲಿ ಗಾಡಿ ನಿಂತಿತು.

ದೊಡ್ಡಬಸಮ್ಮ, “ಅಂಗೇ ನೂಕ್ತಾ ಇರಿ ಸಾಮಿ, ಬುಡ್ಬ್ಯಾಡಿ,” ಎಂದಳು. ಅವಳು ನನ್ನನ್ನು ಸಾಮಿ ಎಂದದ್ದು ಅದೇ ಮೊದಲು. ಇಬ್ಬರು ಹೋಗಿ ಅವಳ ಕಾಲನ್ನು ಕೆಸರಿನಿಂದ ಕಿತ್ತು ಈಚೆಗೆ ತಂದರು.

ಆಮೇಲೆ ಶಿವರತ್ನಮ್ಮ ದಡದ ಕಲ್ಲಿನ ಮೇಲೆ ನಿಂತು ಆಜ್ಞೆ ಕೊಟ್ಟಳು. “ಬುಡಿ... ನೂಕಿ... ಒಸಿ ಬುಡಿ... ನೂಕ್ರೀ ಅಂದ್ರೆ!” ಬಿಡು ಎಂದರೆ ಗಾಡಿ ಇಳಿಯುತ್ತಿತ್ತು, ನೂಕು ಎಂದರೆ ನಿಲ್ಲುತ್ತಿತ್ತು. ಗೇಣು ಗೇಣಾಗಿ ನೀರಿಗೆ ಇಳಿದು ದೋಣಿ ಮೆಲ್ಲನೆ ತೇಲಿತು. ಹೆಂಗಸರು ಚಪ್ಪಾಳೆ ಹೊಡೆದರು. ಸಂಜೆಯೊಳಗೆ ಹದಿನಾಲ್ಕು ದೋಣಿ ತುಂಬುವಷ್ಟು ಅಂತರಗಂಗೆ ದಡದ ಮೇಲಿತ್ತು.

ಗುರುಸಿದ್ದಯ್ಯನವರು ನೀರಿನಿಂದ ಮೇಲೆ ಬಂದ ಡಿಸ್ಕನ್ನು ಬೆರಳಿನಲ್ಲಿ ಮುಟ್ಟಿ ನೋಡಿ, “ಕನ್ನಡಿ ಅಂಗದೆ ಕಣ್ ಮೇಷ್ಟ್ರೇ,” ಎಂದರು. ಮೂರು ಕೆರೆಯ ಕೆಲಸವನ್ನೂ ಸಂಘಕ್ಕೇ ಒಪ್ಪಿಸಿದರು. ಆಮೇಲೆ ಎಣ್ಣೆ, ಕೆಸರು ಮೆತ್ತಿಕೊಂಡಿದ್ದ ನನ್ನ ಕಡೆ ನೋಡಿ, “ಕೆಲ್ಸವೆಲ್ಲ ನೀವ್ ಎಂಗುಸ್ರೇ ಮಾಡ್ತೀರಿ. ಮೇಷ್ಟ್ರಿಗೆ ಸುಮ್ನೆ ಯಾಕವ್ವ ತ್ರಾಸ? ಮುಂದಿನ್ ಕೆರೆಗೆ ಇವ್ರು ಬರ್ಲೇಬೇಕಾ?” ಎಂದು ಕೇಳಿದರು.

ಶಿವರತ್ನಮ್ಮ ಎಲ್ಲರೆದುರು ಗಟ್ಟಿಯಾಗಿ ಹೇಳಿದಳು.

“ಬರ್ಲೇಬೇಕು ಕಣಣ್ಣಾ. ಇವ್ರು ಇಲ್ದೇ ಇದ್ರೆ ನಮ್ಗೆ ಆಗದೇ ಇಲ್ಲ. ಇವ್ರು ನಮ್ ಬ್ರೇಕು.”

ನನ್ನನ್ನು ಬಿಟ್ಟರೆ ಆಗುವುದಿಲ್ಲ ಎಂದು ನನ್ನ ಹೆಂಡತಿ ನಾಲ್ಕು ಜನರ ಮುಂದೆ ಹೇಳಿದ್ದಾಳೆ. ಹೆಮ್ಮೆಯಿಂದ ಎದೆಯುಬ್ಬಿಸಿಕೊಂಡು ಮನೆಯವರೆಗೂ ಜೀಪು ಓಡಿಸಿದೆ. ಮರುದಿನ ಸಂಘದ ಸಭೆಯಲ್ಲಿ ಪುಸ್ತಕವನ್ನು ತಿದ್ದಿ ಬರೆದರು. ತಾಂತ್ರಿಕ ಸಲಹೆಗಾರರು: ಶಿವರತ್ನಮ್ಮ. ಬ್ರೇಕು: ಶಾಂತಮೂರ್ತಿ. ಎದುರಿಗೆ ನನ್ನ ಸಹಿ ಬೇಕೆಂದರು. ದಪ್ಪ ಅಕ್ಷರದಲ್ಲೇ ಹಾಕಿಕೊಟ್ಟೆ.