ನನಗೆ ಕನ್ನಡ ಬರುತ್ತದೆಂದು ನಾನು ಹೇಳಲಿಲ್ಲ

ಮುಂಬಯಿಯ ಕನ್ನಡಿಗರು ಗುಟ್ಟಿನ ಮಾತನ್ನು ಮೆಲ್ಲಗೆ ಆಡುವುದಿಲ್ಲ, ಕನ್ನಡದಲ್ಲಿ ಗಟ್ಟಿಯಾಗಿ ಆಡುತ್ತಾರೆ. ಸುತ್ತ ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯ. ಮೈಸೂರಿನಿಂದ ಬಂದು ಮುಲುಂಡಿನಲ್ಲಿ ಸಂಸಾರ ಹೂಡಿರುವ ನನ್ನ ಕಿವಿಗೆ ಇಂಥವು ಬೀಳುತ್ತಲೇ ಇರುತ್ತವೆ.

ಸೀಟು

ಸಂಜೆ ದಾದರಿನಿಂದ ಮನೆಗೆ ಬರುವ ಲೋಕಲ್. ಹೇಗೋ ಸೀಟು ಸಿಕ್ಕಿತ್ತು. ಎದುರು ನಿಂತ ಮಂಗಳೂರು ಕಡೆಯ ಇಬ್ಬರು ಹೆಂಗಸರು ನನ್ನನ್ನೇ ನೋಡುತ್ತಿದ್ದರು.

“ಇವಳು ಎಲ್ಲಿ ಇಳಿಯುವುದು ಮಾರಾಯ್ತಿ?”

“ಘಾಟ್‌ಕೋಪರ್ ಇರಬೇಕು.”

ಘಾಟ್‌ಕೋಪರ್ ಹೋಯಿತು.

“ಇಳಿಯಲೇ ಇಲ್ಲ! ಅಂಟು ಹಾಕಿ ಕೂತ ಹಾಗೆ ಉಂಟು.”

ನಾನು ಕಿಟಕಿಯಾಚೆ ನೋಡಿದೆ. ಭಾಂಡುಪ್ ಬರುವಷ್ಟರಲ್ಲಿ ನನ್ನ ಸರ, ಕೂದಲಿನ ಬಣ್ಣ ಎರಡೂ ಅಸಲಿಯಲ್ಲವೆಂದು ತೀರ್ಮಾನವಾಗಿತ್ತು. ಒಂದರ ವಿಷಯದಲ್ಲಿ ಅವರು ಹೇಳಿದ್ದು ಸರಿ.

ಮುಲುಂಡಿನಲ್ಲಿ ಎದ್ದು, “ಬನ್ನಿ, ಕೂತ್ಕೊಳ್ಳಿ” ಎಂದೆ. ಇಬ್ಬರೂ ಬಾಯಿ ತೆರೆದು ನಿಂತಿರುವಾಗಲೇ ಸೀಟಿನಲ್ಲಿ ಮೂರನೆಯವಳೊಬ್ಬಳು ಕೂತಾಗಿತ್ತು.

ಚಟ್ನಿ

ಮನೆಯಲ್ಲಿ ಇದನ್ನು ಹೇಳಿದರೆ ನನ್ನ ಗಂಡ ನಗಲಿಲ್ಲ. “ಮೊದ್ಲೇ ಹೇಳ್ಬೇಕಿತ್ತು ಕಣೇ. ಹೇಳ್ದೇ ಇರೋದೂ ಸುಳ್ಳೇ” ಎಂದರು.

ಡಾಕ್ಟರು ಅವರಿಗೆ ಕರಿದದ್ದನ್ನು ಪೂರ್ತಿ ನಿಲ್ಲಿಸಿದ್ದಾರೆ. ಮಾರನೆಯ ದಿನ ಕೇಳಿದೆ: “ಆಫೀಸಲ್ಲಿ ಏನಾದ್ರೂ ತಿಂದ್ರಾ?”

“ಆಫೀಸಲ್ಲಿ ಏನೂ ತಿನ್ಲಿಲ್ಲ.”

“ಜೇಬಿನ ಮೇಲೆ ಹಸಿರು ಚಟ್ನಿ ಇದೆಯಲ್ಲ?”

“ಅದು ಸ್ಟೇಷನ್ನಿನ ವಡಾಪಾವ್. ನೀನು ಸ್ಟೇಷನ್ ಕೇಳ್ಲಿಲ್ಲ.”

ಅಂದಿನಿಂದ ನಮ್ಮ ಮನೆಯಲ್ಲಿ ಹೇಳದೆ ಇರುವುದು ಸುಳ್ಳಲ್ಲ.

ಹಿಂದಿ

ಮನೆಗೆಲಸಕ್ಕೆ ಹೊಸಬಳು ಬಂದಳು. ಇಲ್ಲಿನ ರೂಢಿಯಂತೆ ಇಬ್ಬರೂ ಹಿಂದಿಯಲ್ಲೇ ಶುರುಮಾಡಿದೆವು. ಅರ್ಧ ಗಂಟೆಯಲ್ಲಿ ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ನೆಲ ಒರೆಸುತ್ತಾ, ಅಪ್ಪಟ ವಿಜಯಪುರದ ಕನ್ನಡದಲ್ಲಿ ಹೇಳಿದಳು: “ಮನಿಯವರು ಚಲೋ ಅದಾರ ಯಕ್ಕಾ. ಆದ್ರ ನೆಲಾ ಒರಸೋ ಅರಿವಿ ಇವರ ಅಜ್ಜಿ ಸೀರಿ ಇರಬೇಕು.”

ನನಗೆ ಕನ್ನಡ ಬರುತ್ತದೆಂದು ಆಗಲೇ ಹೇಳಬೇಕಿತ್ತು. ಹೇಳಿದರೆ ನಾಚಿಕೊಂಡು ಕೆಲಸ ಬಿಟ್ಟಾಳೆಂದು ನಿಜವಾಗಿ ಭಯವಾಯಿತು. ಹಿಂದಿನವಳು ಬಿಟ್ಟ ಮೇಲೆ ಆಫೀಸಿಗೆ ಹೋಗುವ ಮುಂಚೆಯೂ ಬಂದ ಮೇಲೆಯೂ ಪಾತ್ರೆ ತಿಕ್ಕಿದವಳು ನಾನು. ಸುಮ್ಮನೆ ಹೋಗಿ ಹೊಸ ಒರೆಸುವ ಬಟ್ಟೆ ತಂದೆ.

ಇನ್ನೊಂದು ದಿನ, “ಚಾ ಅಂದ್ರ ಬರೇ ಬಿಸಿನೀರ ಯಕ್ಕಾ. ಹಾಲು ಅದರ ಮುಂದ ಹಾದುಹೋಗಿರಬೇಕು, ಅಷ್ಟ” ಎಂದಳು. ಮರುದಿನದಿಂದ ಚಹಾಕ್ಕೆ ಅರ್ಧ ಹಾಲು. ಸಿಂಕಿನ ಪೈಪು ಸೋರುವುದು ಈ ಮನೆಯ ಗಂಡಸಿನ ಕಣ್ಣಿಗೆ ಬೀಳುವುದಿಲ್ಲವೆಂದಳು. ಭಾನುವಾರ ಗಂಡನನ್ನು ಸಿಂಕಿನಡಿ ಕೂರಿಸಿದೆ.

ಅವಳಿರುವಷ್ಟು ಹೊತ್ತು ನಾವು ಗಂಡಹೆಂಡಿರೂ ಹಿಂದಿಯಲ್ಲೇ ಮಾತಾಡುತ್ತಿದ್ದೆವು, ಜಗಳವನ್ನೂ ಸೇರಿಸಿ. ಪದ ಸಿಗದೆ ಜಗಳ ಬೇಗ ಮುಗಿಯುತ್ತಿತ್ತು.

ಫೋನು

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕೇಳಿಸಿತು: “ಊರಾಗ ತಂಗಿ ಲಗ್ನ ಐತಿ ಯಕ್ಕಾ. ಎಂಟು ದಿನಾ ರಜಾ ಕೊಡಲಿಲ್ಲಂದ್ರ ಕೆಲಸಾನ ಬಿಟ್ಟುಬಿಡ್ತೀನಿ.”

ಏನೂ ಕೇಳಿಸದವಳಂತೆ ಒಳಗೆ ಹೋಗಿ, “ಗಾಂವ್ ಜಾನಾ ಹೋ ತೋ ಆಠ್ ದಿನ್ ಜಾವೋ” ಎಂದು ಅವಳು ಕೇಳುವ ಮೊದಲೇ ಎಂಟು ದಿನ ರಜೆ ಕೊಡುತ್ತಿದ್ದೆ. ಆಗ ಅವಳ ಕಿವಿಯಲ್ಲಿದ್ದ ಫೋನು ರಿಂಗಾಯಿತು.

ಅವಳು ಫೋನು ನೋಡಿದಳು. ನಾನು ಅವಳನ್ನು ನೋಡಿದೆ. ಅಲ್ಲಿಯವರೆಗೆ ಆ ಫೋನಿನಲ್ಲಿ ಯಾರೂ ಇರಲಿಲ್ಲ.

“ನಂಗೆ ಕನ್ನಡ ಬರುತ್ತೆ ಅಂತ ಯಾವಾಗ ಗೊತ್ತಾಯ್ತು?” ಎಂದೆ.

“ಮೊದಲನೇ ದಿನಾನ ರೀ ಅಕ್ಕಾರ. ಗ್ವಾಡಿಮ್ಯಾಲ ಕನ್ನಡ ಕ್ಯಾಲೆಂಡರ್ ಐತಲ್ರೀ.”

“ಮತ್ತೆ ಏನು ಬೇಕಿದ್ರೂ ನನಗೇ ಹೇಳ್ಬಹುದಿತ್ತಲ್ಲ?”

“ದಿನಾ ಹೇಳೀನಲ್ರೀ! ಕೇಳಿಸೇತಿ ಅಂತ ನೀವ ಹೇಳಲಿಲ್ಲ.”

ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು. “ಇದು ಖರೇನ ನಮ್ಮಕ್ಕ ರೀ” ಎಂದು ಎತ್ತಿಕೊಂಡು, ನನ್ನ ಎದುರೇ ನಿಂತು ಮಾತಾಡತೊಡಗಿದಳು. ನಡುನಡುವೆ ನನ್ನನ್ನು ನೋಡಿ ನಗುತ್ತಿದ್ದಳು. ಅಕ್ಕನ ಜೊತೆ ಅವಳು ಮಾತಾಡುವುದು ಲಂಬಾಣಿ ಭಾಷೆಯಲ್ಲಿ. ನನಗೆ ಅದರ ಒಂದಕ್ಷರವೂ ಬರುವುದಿಲ್ಲ.