ಹರ್ಶೆಲ್ ಕೂಡಿಸಿದ ಹನ್ನೊಂದು ಸಹಿ

ಹರ್ಶೆಲ್ ಸ್ಮಾಲ್ಸ್‌ನ ಹೆಗಲಿಗೆ ಶನಿ ಏರಿದ್ದು ಒಂದು ಕಾಗದದ ರೂಪದಲ್ಲಿ. ಕಾಗದ ಬಂದದ್ದಾದರೂ ಅವನಿಗಲ್ಲ, ಕ್ಲೀವ್‌ಲ್ಯಾಂಡಿನಲ್ಲಿದ್ದ ದಾಯಾದಿ ಲೂಷಿಯಸ್‌ಗೆ. "ಚಾರ್ಲ್ಸ್‌ಟನ್ನಿನ ಕ್ವಿನ್ಸ್ ಬೀದಿಯ ಮನೆಯಲ್ಲಿ ನಿಮಗಿರುವ ಪಾಲನ್ನು ನಮಗೆ ಮಾರುತ್ತೀರಾ?" ಎಂದು ಯಾರೋ ಬಿಲ್ಡರ್ ಕೇಳಿದ್ದ. ಲೂಷಿಯಸ್ ಫೋನು ಮಾಡಿ, "ನನಗೊಂದು ಪಾಲು ಇದೆ ಅಂತ ನನಗೇ ಗೊತ್ತಿರ್ಲಿಲ್ಲ ಕಣೋ!" ಎಂದು ಲಾಟರಿ ಹೊಡೆದವನಂತೆ ನಕ್ಕ.

ಹರ್ಶೆಲ್ ನಗಲಿಲ್ಲ. ಐವತ್ತೆಂಟು ವರ್ಷದಿಂದ ಆ ಮನೆಯಲ್ಲಿದ್ದವನು ಅವನು. ಮುಂದಿನ ಕೋಣೆಯಲ್ಲೇ ಅವನ ಕ್ಷೌರದಂಗಡಿ. ಅಜ್ಜಿ ಸೆಫ್ರೋನಿಯಾ ಉಯಿಲು ಬರೆಯದೆ ಸತ್ತಿದ್ದಳು. ನಮ್ಮ ಕಪ್ಪು ಜನರ ಬೀದಿಯಲ್ಲಿ ಯಾರೂ ಬರೆಯುತ್ತಿರಲಿಲ್ಲ. ಕೋರ್ಟಿನ ಕಾಗದ ನಮ್ಮವರ ಪರವಾಗಿ ಮಾತಾಡಿದ್ದನ್ನು ಯಾರಾದರೂ ಕಂಡಿದ್ದರೆ ತಾನೆ? ಹಾಗಾಗಿ ಮನೆ ಅಜ್ಜಿಯ ಸಂತಾನಕ್ಕೆಲ್ಲ ಸೇರಿದ್ದಾಗಿತ್ತು. ಒಬ್ಬ ತನ್ನ ಪಾಲು ಮಾರಿದರೆ ಸಾಕು, ಕೊಂಡವನು ಕೋರ್ಟಿಗೆ ಹೋಗಿ ಇಡೀ ಮನೆಯನ್ನೇ ಹರಾಜು ಹಾಕಿಸಬಹುದಿತ್ತು. ಹೀಗೆಯೇ ನಮ್ಮ ಬೀದಿಯ ಮೂರು ಮನೆಗಳು ಹೋಗಿ, ಆ ಜಾಗದಲ್ಲಿ ಬೂದು ಬಣ್ಣದ ಪೆಟ್ಟಿಗೆಗಳು ಎದ್ದಿದ್ದವು. ಅವುಗಳೊಳಗಿನವರು ನಾಯಿಗಳಿಗೆ ನಮಸ್ಕಾರ ಹೇಳುತ್ತಿದ್ದರು, ನಮಗೆ ಹೇಳುತ್ತಿರಲಿಲ್ಲ.

ಬೀದಿ ಉಳಿಸುವ ಸಮಿತಿಯ ಮುಖ್ಯಸ್ಥೆ ವರ್ನೆಸ್ಸಾ ಪಿಂಕ್ನಿ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಅವಳು ಕನ್ನಡಕ ಏರಿಸಿ ಹೇಳಿದಳು: "ಮನೇನ ಬೀದಿಯ ಟ್ರಸ್ಟಿಗೆ ಸೇರಿಸಿಬಿಡು. ಆಮೇಲೆ ಯಮ ಬಂದ್ರೂ ಮಾರಕ್ಕಾಗಲ್ಲ. ಆದ್ರೆ ವಾರಸುದಾರರೆಲ್ಲರ ಸಹಿ ಬೇಕು. ಒಂದು ಕಮ್ಮಿಯಾದ್ರೂ ಕಾಗದ ಕಸ."

ವಾರಸುದಾರರು ಹನ್ನೊಂದು ಜನ, ಹರ್ಶೆಲ್ ಸೇರಿದರೆ ಹನ್ನೆರಡು. ಇಷ್ಟು ಜನ ಒಂದೆಡೆ ಸೇರುವುದು ಶವಸಂಸ್ಕಾರಕ್ಕೆ ಅಥವಾ ಕುಟುಂಬ ಕೂಟಕ್ಕೆ. ಸಾಯಲು ಯಾರೂ ಸಿದ್ಧರಿರಲಿಲ್ಲವಾದ್ದರಿಂದ ಹರ್ಶೆಲ್ ಶನಿವಾರ ಕೂಟ ಕರೆದ. "ಸ್ಮಾಲ್ಸ್ ಕುಟುಂಬ, ಒಂದೇ ರಕ್ತ" ಎಂದು ಬರೆದ ಹಳದಿ ಅಂಗಿಗಳನ್ನೂ ಹೊಲಿಸಿದ.

ಮಧ್ಯಾಹ್ನಕ್ಕೆ ಹನ್ನೊಂದು ಹಳದಿ ಅಂಗಿಗಳು ಅಂಗಳದಲ್ಲಿ ನೆರೆದವು. ಟೊಮೇಟೊ ಹಾಕಿದ ಕೆಂಪನ್ನ ಇತ್ತು, ಹುರಿದ ಮೀನಿತ್ತು, ಒಂದು ದೊಡ್ಡ ಬೋಗುಣಿ ಆಲೂಗಡ್ಡೆ ಸಲಾಡೂ ಇತ್ತು. ಎಂಬತ್ತೊಂದರ ಯೂಲಾಲಿ ಅತ್ತೆ, ಅಂದರೆ ಅಜ್ಜಿಯ ಮಗಳು, ಚಮಚ ಎತ್ತಿದವಳು ಹಾಗೇ ನಿಲ್ಲಿಸಿದಳು.

"ಸಲಾಡ್ ಯಾರು ಮಾಡಿದ್ದು?"

"ನಾನೇ ಅತ್ತೆ," ಎಂದ ಹರ್ಶೆಲ್.

ಹನ್ನೊಂದು ಚಮಚಗಳು ಒಟ್ಟಿಗೆ ಕೆಳಗಿಳಿದವು. ಅಡುಗೆಯವರ ಹೆಸರು ಕೇಳದೆ ನಮ್ಮವರು ಆಲೂಗಡ್ಡೆ ಸಲಾಡು ಮುಟ್ಟುವುದಿಲ್ಲ. ಕೇಳಿದ ಮೇಲೆ ಕ್ಷೌರಿಕನ ಕೈಯದನ್ನಂತೂ ಮುಟ್ಟುವುದೇ ಇಲ್ಲ. "ಒಳಗೆ ಕೂದಲಿದ್ರೆ ಅದು ಯಾರದು ಅಂತ ಹೇಗೆ ಹೇಳೋದು?" ಎಂದ ಲೂಷಿಯಸ್. ಅಷ್ಟರಲ್ಲಿ ಎದುರುಮನೆಯಲ್ಲಿದ್ದ ಚರ್ಚಿನ ಸೇವಕ ಡೀಕನ್ ರೂಬೆನ್ ಕರೆಯದೆ ಬಂದು ಊಟದ ಪ್ರಾರ್ಥನೆ ಶುರುಮಾಡಿದ. ಆ ಪ್ರಾರ್ಥನೆಯಲ್ಲಿ ಮೋಶೆ ಸಮುದ್ರ ದಾಟುವಷ್ಟರಲ್ಲಿ ಮೀನು ತಣ್ಣಗಾಗಿತ್ತು.

ಅರೆಹೊಟ್ಟೆಯವರ ಮುಂದೆ ಹರ್ಶೆಲ್ ಕಾಗದ ಹರಡಿದ. ಮೊದಲು ತಾನೇ ದಪ್ಪಕ್ಷರದಲ್ಲಿ ಸಹಿ ಮಾಡಿ, ಪೆನ್ನನ್ನು ಫಿಲಡೆಲ್ಫಿಯಾದ ಕಾರ್ಲೆಟಾಗೆ ಕೊಟ್ಟ.

ಅವಳು ಪೆನ್ನು ತಿರುಗಿಸುತ್ತ ಅಡುಗೆಮನೆಯತ್ತ ನೋಡಿದಳು. "ಸಹಿಗೇನು, ಮಾಡ್ತೀನಿ. ಅಜ್ಜಿಯ ಕಬ್ಬಿಣದ ಬಾಣಲೆ ಮಾತ್ರ ನನಗಿರಲಿ. ಅವಳ ಕೈರುಚಿ ಬಂದಿದ್ದು ನನಗೇ ಅಲ್ವಾ?"

"ತಗೊಳ್ಳಮ್ಮ," ಎಂದ ಹರ್ಶೆಲ್. ಬಾಣಲೆ ಹೋದರೆ ಹೋಯಿತು, ಮನೆ ಉಳಿಯುತ್ತದಲ್ಲ.

ಉಳಿದವರ ಕಿವಿ ನೆಟ್ಟಗಾಯಿತು. ಒಬ್ಬನಿಗೆ ವರಾಂಡದ ತೂಗುಮಂಚ ಬೇಕಾಯಿತು, ಇನ್ನೊಬ್ಬಳಿಗೆ ಅಜ್ಜಿಯ ಚರ್ಚಿನ ಟೋಪಿಗಳು. ಅಟ್ಲಾಂಟಾದ ಅವಳಿಗಳು ಅಂಗಡಿಯ ಕನ್ನಡಿಗಾಗಿ ಜಗಳಾಡಿದರು. ಒಬ್ಬನಿಗೆ ಕನ್ನಡಿ, ಇನ್ನೊಬ್ಬನಿಗೆ ಅದರ ಮುಂದಿದ್ದ ಕ್ಷೌರದ ಕುರ್ಚಿ ಎಂದು ತೀರ್ಮಾನವಾಯಿತು. ಸಹಿ ಒಂದೊಂದಾಗಿ ಕಾಗದಕ್ಕೆ ಬಂದಂತೆ ಸಾಮಾನು ಒಂದೊಂದಾಗಿ ಕಾರಿಗೆ ಹೋಯಿತು. ನಾಲ್ಕು ಗಂಟೆಗೆ ಹರ್ಶೆಲ್‌ನ ಮಂಚವೇ ಕಾರೊಂದರ ತಲೆಯ ಮೇಲೆ ಅಂಗಾತ ಮಲಗಿತ್ತು. ಡೀಕನ್ ಪುಕ್ಕಟೆಯಾಗಿ ಹಗ್ಗ ಬಿಗಿದುಕೊಟ್ಟ.

ಕೊನೆಗೆ ಉಳಿದವನು ಲೂಷಿಯಸ್. ಅವನಿಗೆ ಸಾಮಾನು ಬೇಡ, ನ್ಯಾಯ ಬೇಕು.

"ನಾನು ಹತ್ತು ವರ್ಷದವನಿದ್ದಾಗ ಚರ್ಚಿನ ಬಣ್ಣದ ಗಾಜು ಒಡೀತು. ಒದೆ ತಿಂದೋನು ನಾನು. ಒಡೆದೋನು ನೀನು ಅಂತ ಎಲ್ಲರ ಮುಂದೆ ಹೇಳು."

ಹರ್ಶೆಲ್‌ಗೆ ಅದರ ತಲೆಬುಡ ಗೊತ್ತಿರಲಿಲ್ಲ. ಆ ವಾರ ಅವನು ದಡಾರ ಎದ್ದು ಮಲಗಿದ್ದ. ಆದರೆ ಲೂಷಿಯಸ್‌ನ ಜೇಬಿನಲ್ಲಿ ಬಿಲ್ಡರನ ಕಾಗದ ಇಣುಕುತ್ತಿತ್ತು.

"ನಾನೇ ಒಡೆದಿದ್ದು," ಎಂದ.

"ಜೋರಾಗಿ!"

"ನಾನೇ ಒಡೆದಿದ್ದು!"

"ಥೂ, ದೇವರ ಮನೆ ಗಾಜು!" ಎಂದ ಡೀಕನ್. ಲೂಷಿಯಸ್ ಕಣ್ಣೊರೆಸಿಕೊಂಡು ಸಹಿ ಹಾಕಿದ.

ಹರ್ಶೆಲ್‌ಗೆ ಕುಣಿಯುವಷ್ಟು ಸಂತೋಷವಾಯಿತು. ಕಾಗದ ಪರಿಶೀಲಿಸಲೆಂದು ಬಂದಿದ್ದ ವರ್ನೆಸ್ಸಾ ತನ್ನ ಚೀಲದಿಂದ ಜನನ ದಾಖಲೆಗಳ ನಕಲು ತೆಗೆದು ಹೆಸರು ತಾಳೆ ನೋಡತೊಡಗಿದಳು. ಹನ್ನೊಂದಕ್ಕೂ ತಲೆಯಾಡಿಸಿದಳು. ಹನ್ನೆರಡನೆಯದಕ್ಕೆ ಅವಳ ಬೆರಳು ನಿಂತಿತು.

"ಹರ್ಶೆಲ್, ನಿನ್ನ ಸಹಿ ಹೊಡೆದುಹಾಕ್ಬೇಕಾಗುತ್ತೆ."

"ಯಾಕೆ? ವಿಯೆಟ್ನಾಮಿನಲ್ಲಿ ಸತ್ತ ಕಿರಿಮಗನ ಮಗ ನಾನು. ಅಜ್ಜಿ ಮನೆಮಂದಿ ಹೆಸರು ಬರೆದಿಟ್ಟ ಬೈಬಲ್ಲಲ್ಲಿ ನನ್ನ ಹೆಸರಿದೆ!"

"ಬೈಬಲ್ಲಲ್ಲಿ ಇದೆ. ಸೂಲಗಿತ್ತಿಯ ಪುಸ್ತಕದಲ್ಲಿ ನಿನ್ನ ತಾಯಿ ಬೇರೆ, ತಂದೆ ಬೇರೆ."

ಎಲ್ಲರೂ ಯೂಲಾಲಿ ಅತ್ತೆಯ ಕಡೆ ತಿರುಗಿದರು. ಅತ್ತೆ ಬೀಸಣಿಗೆ ಬೀಸಿಕೊಳ್ಳುತ್ತಲೇ ಇದ್ದಳು.

"ಅಯ್ಯೋ, ನಿನಗೆ ಗೊತ್ತಿರ್ಲಿಲ್ವೇನೋ? ನಿನ್ನ ತಾಯಿ ಪಕ್ಕದ ಮನೆಯವಳು. ಕೆಲಸಕ್ಕೆ ಹೋಗ್ತೀನಿ, ಸಾಯಂಕಾಲದ ತನಕ ನೋಡ್ಕೊಳ್ಳಿ ಅಂತ ನಿನ್ನ ನಮ್ಮಮ್ಮನ ಕೈಲಿಟ್ಟು ಹೋದ್ಲು. ಆ ಸಾಯಂಕಾಲ ಇನ್ನೂ ಆಗಿಲ್ಲ. ಅಮ್ಮ ಅಂದ್ಲು, ಇವನು ಇನ್ನು ನಮ್ಮವನು, ಯಾರಾದ್ರೂ ಬೇರೆ ಥರ ಅಂದ್ರೆ ಬಾಯಿಗೆ ಸೋಪು ಹಾಕ್ತೀನಿ ಅಂತ. ನಾವು ಅನ್ನಲಿಲ್ಲ."

ಹರ್ಶೆಲ್ ಕೂರಲು ನೋಡಿದ. ಕುರ್ಚಿ ಇರಲಿಲ್ಲ. ಮೆಟ್ಟಿಲ ಮೇಲೆ ಕುಸಿದ. ಉಕ್ಕಿ ಬಂದದ್ದು ದುಃಖವೋ ಪ್ರೀತಿಯೋ ಅವನಿಗೇ ತಿಳಿಯಲಿಲ್ಲ. ಅಜ್ಜಿ ಇದ್ದಿದ್ದರೆ ಕಾಲಿಗೆ ಬಿದ್ದು ಅತ್ತುಬಿಡುತ್ತಿದ್ದ.

"ಹೋಗ್ಲಿ ಬಿಡಿ ಮೇಡಮ್," ಎಂದ ಕಡೆಗೆ. "ಮನೆ ಉಳೀತಲ್ಲ?"

"ಉಳೀತು! ಇನ್ನು ಯಾವ ಬಿಲ್ಡರನೂ ಮುಟ್ಟೋ ಹಾಗಿಲ್ಲ." ವರ್ನೆಸ್ಸಾ ಹಾಳೆ ಮಗುಚಿದಳು. "ಆದ್ರೆ ಟ್ರಸ್ಟಿನ ನಿಯಮ ಒಂದಿದೆ. ಹೊರಗಿನೋರು ಬಂದು ಸೇರ್ಕೋಬಾರದು ಅಂತ ನಾವೇ ಬಿಗಿಯಾಗಿ ಬರೆಸಿದ್ದು. ವಾರಸುದಾರರಲ್ಲದವರು ಮನೇಲಿರ್ಬೇಕಾದ್ರೆ ವಾರಸುದಾರರೆಲ್ಲ, ಅಂದ್ರೆ ಈ ಹನ್ನೊಂದು ಜನಾನೂ, ಒಪ್ಪಿ ಸಹಿ ಹಾಕ್ಬೇಕು."

ಸಮಿತಿಯ ಸಭೆಯಲ್ಲಿ ಆ ನಿಯಮಕ್ಕೆ ಎರಡೂ ಕೈ ಎತ್ತಿದ್ದವನು ಹರ್ಶೆಲ್. ಅವನು ಪೆನ್ನು ಹಿಡಿದು ಕಾರ್ಲೆಟಾಳ ಕಾರಿನ ಬಳಿ ಹೋದ.

ಕಾರ್ಲೆಟಾ ಅವನನ್ನು ಬಿಗಿಯಾಗಿ ಅಪ್ಪಿಕೊಂಡಳು. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. "ನೀನು ನನ್ನ ತಮ್ಮನೇ ಕಣೋ, ರಕ್ತ ಯಾರಿಗೆ ಬೇಕು? ಸಹಿಗೇನು, ಮಾಡ್ತೀನಿ," ಎಂದಳು. ಆಮೇಲೆ ಪೆನ್ನು ತಿರುಗಿಸುತ್ತ, ಅವನ ಭುಜದ ಮೇಲಿಂದ ಬರಿದಾದ ಮನೆಯೊಳಗೆ ಇಣುಕಿ ಕೇಳಿದಳು: "ಒಳಗೆ ಇನ್ನೇನು ಉಳಿದಿದೆ?"