ಮಾತು ಕೇಳಿಸೋ ಕ್ಯಾಮೆರಾ

ಮದುವೆ ವಿಡಿಯೋ ತೆಗೆಯೋನಿಗೆ ನಗೋಕೆ ಮುಹೂರ್ತ ಬೇಕಾಗಿಲ್ಲ, ಅಳೋಕೂ ಅಷ್ಟೇ. ವಿಜಯನಗರದಲ್ಲಿ ಮನೆ ಮುಂದಿನ ರೂಮೇ ನನ್ನ ಸ್ಟುಡಿಯೋ. ಹೆಗಲ ಮೇಲೆ ಹೊರೋ ಹಳೇ ಕ್ಯಾಮೆರಾ ಕೆಟ್ಟು ಕೂತಾಗ, ಹೊಸದು ಯಾವುದು ತಗೊಳ್ಳೋದು ಅಂತ ತಲೆ ಕೆಡಿಸಿಕೊಂಡ ತಿಂಗಳ ಕಥೆ ಇದು.

ಕ್ಯಾಮೆರಾ ಎಲ್ರೀ?

ಗೆಳೆಯನ ಹತ್ರ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಇಸ್ಕೊಂಡು ಗೋವಿಂದರಾಜನಗರದ ಒಂದು ಮದುವೆಗೆ ಹೋದೆ. ಚಿತ್ರ ಅಚ್ಚುಕಟ್ಟಾಗಿ ಬರ್ತಿತ್ತು. ಧಾರೆಗೆ ಇನ್ನೊಂದು ಗಂಟೆ ಇದೆ ಅನ್ನೋವಾಗ ಹೆಣ್ಣಿನ ತಂದೆ ಓಡಿ ಬಂದ್ರು.

"ವಿಡಿಯೋದವರು ಇನ್ನೂ ಬಂದಿಲ್ವೇನ್ರೀ?"

"ನಾನೇ ಸಾರ್."

"ನೀವು ಸರಿ, ಕ್ಯಾಮೆರಾ ಎಲ್ರೀ? ಬೀಗರು ನೋಡ್ತಾ ಇದಾರೆ, ಮರ್ಯಾದೆ ಪ್ರಶ್ನೆ!"

ಆಟೋದಲ್ಲಿ ಹೋಗಿ ಆ ಕೆಟ್ಟ ಹಳೇ ಕ್ಯಾಮೆರಾನೇ ತಂದು ಹೆಗಲಿಗೇರಿಸಿದೆ. ಹೆಗಲ ಮೇಲೆ ಸತ್ತದ್ದು, ಕೈಲಿ ಬದುಕಿದ್ದು. ಬೀಗರೆಲ್ಲ ಸತ್ತಿದ್ದರ ಕಡೆಗೇ ತಿರುಗಿ ಹಲ್ಲು ಕಿರಿದ್ರು.

ಮಾತು ಯಾರಿಗೆ ಬೇಕು

ಅಂಗಡಿಯವನು ಎರಡು ಮಾಡೆಲ್ ಮುಂದಿಟ್ಟ. "ಇದರಲ್ಲಿ ಜೂಮ್ ಜಾಸ್ತಿ ಸಾರ್. ಅದರಲ್ಲಿ ಕಮ್ಮಿ, ಆದ್ರೆ ಬೇರೆ ಮೈಕ್ ಹಾಕಬಹುದು, ಮಾತು ಚೆನ್ನಾಗಿ ಕೇಳುತ್ತೆ."

ನಕ್ಕುಬಿಟ್ಟೆ. "ಮದುವೇಲಿ ಮಾತು ಯಾರಪ್ಪಾ ಕೇಳ್ತಾರೆ? ವಾಲಗದೋರು ಬಿಡಲ್ಲ. ಮಿಕ್ಕಿದ್ದನ್ನ ಅಳಿಸಿ ನಾವೇ ಸಿನಿಮಾ ಹಾಡು ಹಾಕ್ತೀವಿ. ಜೂಮ್ ಇರೋದನ್ನ ಎತ್ತಿಡು, ಯುಗಾದಿ ಮುಗಿಸಿ ಬರ್ತೀನಿ."

ಎರಡನೇ ಹೋಳಿಗೆ

ಯುಗಾದಿ ಮಾರನೇ ದಿನ ಮಾರೇನಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಬಂದ್ರು. ಅವರ ಮಗಳ ಮದುವೆ ತೆಗೆದೋನು ನಾನೇ. ಮೇಷ್ಟ್ರ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು.

"ಊಟದ ಪಂಕ್ತೀಲಿ ಅವಳು ಏನೋ ಹೇಳ್ತಾಳಪ್ಪಾ. ಸೀಡೀಲಿ ಅವಳ ಬಾಯಿ ಆಡುತ್ತೆ, ಹಾಡು ಬರುತ್ತೆ. ನಂಗೆ ಅವಳ ದನಿ ಬೇಕು."

ಹಾಡು ಹಾಕಿದ ಪಾಪಿ ನಾನೇ. ಮೂಲ ಕ್ಯಾಸೆಟ್ ಮೇಲೆ ಇನ್ನೊಬ್ಬರ ಸಮಾರಂಭ ತೆಗೆದುಬಿಡೋದು ನನ್ನ ಅಭ್ಯಾಸ ಬೇರೆ. ದೇವರೇ ಕಾಪಾಡಪ್ಪಾ ಅಂತ ಬೀರು ಪೂರ್ತಿ ಜಾಲಾಡಿದೆ. ಪುಣ್ಯಕ್ಕೆ ಸಿಕ್ತು. ಧಾರೆ ಇದ್ದ ಕಡೆ ಯಾರದೋ ನಾಮಕರಣ ಕೂತಿತ್ತು, ಊಟ ಮಾತ್ರ ಉಳಿದಿತ್ತು.

ಸ್ಟುಡಿಯೋ ಟೀವೀಲಿ ಹಾಕಿದೆ. ಬಕೆಟ್ಟು ಸೌಟಿನ ಸದ್ದಿನ ನಡುವೆ ಸಣ್ಣಗೆ ಕೇಳಿಸ್ತು: "ಏನ್ರೀ, ಶುಗರ್ ಇದೆ ನಿಮಗೆ. ಎರಡನೇ ಹೋಳಿಗೆ ಬೇಡ ಅಂದ್ನೋ ಇಲ್ವೋ?"

ಮೇಷ್ಟ್ರು ಐದು ಸಲ ಹಾಕಿಸಿದ್ರು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಜೂಮ್ ಹಾಳಾಗಿ ಹೋಗಲಿ, ಮೈಕ್ ಹಾಕೋ ಕ್ಯಾಮೆರಾನೇ ತಗೋತೀನಿ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಆ ವರ್ಷ ಅವರ ಮನೇಲಿ ಹಬ್ಬ ಇಲ್ಲ ಅಂತ ನನ್ನ ಹೆಂಡತಿ ಒಳಗಿಂದ ತಟ್ಟೇಲಿ ಹೋಳಿಗೆ ತಂದಳು. ಮೇಷ್ಟ್ರು ತಟ್ಟೆ ನೋಡಿದ್ರು, ಟೀವಿ ನೋಡಿದ್ರು.

"ಬೇಡಮ್ಮಾ," ಅಂದ್ರು, "ಈಗ ತಾನೇ ಬೈಸ್ಕೊಂಡೆ."